ಅರವತ್ತು ದಿನದ ಹಾಜರಿ ಪುಸ್ತಕ

3 ನವೆಂಬರ್ 2024, ಭಾನುವಾರ. ಅಲ್ ನಹ್ದಾ, ದುಬೈ

ಹಾಜರಿ: ಮಗ ಶಾನವಾಝ್, ಮೊಮ್ಮಗ ಇಮ್ತಿಯಾಜ್, ನಾನು. ಸೊಸೆಯೂ ಮನೆಯಲ್ಲೇ ಇದ್ದಾಳೆ. ಆದರೆ ಪುಸ್ತಕದೊಳಗೆ ತಲೆ ಹಾಕಿ ಕೂತವರಿಗೆ ನಾನು ಹಾಜರಿ ಕೊಡುವುದಿಲ್ಲ.

ಉಳ್ಳಾಲದ ಅಂಗನವಾಡಿಯಲ್ಲಿ ಮೂವತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಜರಿ ಬರೆದ ಕೈ ಇದು. ನಿವೃತ್ತಿಯಾಗಿ ಒಂದೂವರೆ ವರ್ಷವಾದರೂ ಒಂಬತ್ತು ಗಂಟೆಯಾಯಿತೆಂದರೆ ಪೆನ್ನು ಹುಡುಕುತ್ತದೆ. ಮನೆಯಲ್ಲಿ ನಮ್ಮ ಮಾತು ಬ್ಯಾರಿ, ಬರೆಯಲು ಬರುವುದು ಮಾತ್ರ ರಿಜಿಸ್ಟರಿನ ಕನ್ನಡ. ಹಾಗಾಗಿ ಹೊರಡುವಾಗ ಇನ್ನೂರು ಪುಟದ ಪುಸ್ತಕವೊಂದನ್ನು ಪೆಟ್ಟಿಗೆಗೆ ಹಾಕಿಕೊಂಡೆ. ಕುಚ್ಚಲಕ್ಕಿ, ಒಣಮೀನು, ಉಪ್ಪಿನಕಾಯಿಯ ನಡುವೆ ಅದೂ ವಿಮಾನ ಹತ್ತಿತು.

ನನ್ನದು ಅರವತ್ತು ದಿನದ ವಿಸಿಟ್ ವೀಸಾ. ಕರೆಸಿದ್ದು ಮಗುವನ್ನು ನೋಡಿಕೊಳ್ಳಲು, ಯಾಕೆಂದರೆ ಸೊಸೆಗೆ ಪರೀಕ್ಷೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದವಳೂ ಇಲ್ಲಿ ಒಂದು ಸೂಜಿ ಹಿಡಿಯಬೇಕಾದರೆ ಲೈಸೆನ್ಸ್ ಬೇಕಂತೆ, ಅದಕ್ಕೆ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯಬೇಕಂತೆ. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದಾಳೆ. ಡಿಸೆಂಬರ್ ಹದಿನೆಂಟಕ್ಕೆ ಮೂರನೆಯದು. ಅದೇ ಕೊನೆಯದು.

ಶಾನವಾಝ್ ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಹೇಳಿಬಿಟ್ಟ. "ಉಮ್ಮಾ, ಇದೂ ಆಗದಿದ್ರೆ ಹಸೀನ, ಮಗು ಇಬ್ಬರೂ ನಿಮ್ಮೊಟ್ಟಿಗೆ ಊರಿಗೆ ಬರ್ಲಿ. ನನ್ನ ಒಬ್ಬನ ಸಂಬಳದಲ್ಲಿ ಇಲ್ಲಿ ಫ್ಲ್ಯಾಟ್ ಇಟ್ಕೊಳ್ಳಿಕ್ಕೆ ಆಗುದಿಲ್ಲ. ನಾನು ನೈಫಲ್ಲಿ ಅಂಗಡಿ ಹತ್ರವೇ, ನಾಲ್ಕೈದು ಜನ ಇರುವ ರೂಮಲ್ಲಿ ಒಂದು ಬೆಡ್‌ಸ್ಪೇಸ್ ನೋಡ್ತೇನೆ."

ಅವನು ಅತ್ತರಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಮಾತು ಕಹಿಯಾದರೂ ಶರ್ಟು ಘಮಘಮ ಅನ್ನುತ್ತಿತ್ತು. "ಹೌದಾ ಮಗಾ" ಎಂದು ಬೇಸರದ ಮುಖ ಮಾಡಿದೆ. ಬೇಸರ ಆಗಿರಲಿಲ್ಲ. ರಿಜಿಸ್ಟರಿನಲ್ಲಿ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ, ಇರುವುದನ್ನೇ ಬರೆಯುತ್ತೇನೆ. ಇಮ್ತಿ ಹುಟ್ಟಿ ಹದಿನಾಲ್ಕು ತಿಂಗಳು. ನಾನು ಅವನನ್ನು ಎತ್ತಿಕೊಂಡದ್ದು ಇವತ್ತೇ ಮೊದಲು, ಇಷ್ಟು ದಿನ ಫೋನಿನ ಗಾಜಿನಲ್ಲಿ ನೋಡಿದ್ದು. ನನ್ನ ಕುತ್ತಿಗೆಗೆ ಮೂಗು ಒತ್ತಿ ಹಾಗೇ ನಿದ್ದೆ ಹೋದ. ಊರಿನಲ್ಲಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗೆ ಇಟ್ಟು ಬಂದಿದ್ದೇನೆ.

ಈ ಸಲವೂ ಅವಳು ಪಾಸಾಗದಿದ್ದರೆ ಒಳ್ಳೆಯದು.

6 ನವೆಂಬರ್, ಬುಧವಾರ

ಹಾಜರಿ: ಮೂವರು. ಸೊಸೆ ಅದೇ ಪುಸ್ತಕದಲ್ಲಿ.

ಬಾತ್‌ರೂಮಿನಲ್ಲಿ ತೂಕದ ಯಂತ್ರ ಇದೆ. ಮೊದಲು ನಾನೊಬ್ಬಳೇ ಹತ್ತಿದೆ, ಆಮೇಲೆ ಇಮ್ತಿಯನ್ನು ಎತ್ತಿಕೊಂಡು ಹತ್ತಿದೆ, ಕಳೆದೆ. ಒಂಬತ್ತು ಕಿಲೋ ನಾನೂರು ಗ್ರಾಂ. ನಮ್ಮ ಚಾರ್ಟಿನಲ್ಲಾದರೆ ಹಸಿರು ಪಟ್ಟಿ. ಹಳದಿಯಲ್ಲಿ ಇದ್ದಿದ್ದರೆ ತಾಯಿಗೆ ಎರಡು ಮಾತು ಹೇಳಬಹುದಿತ್ತು. ಹಸಿರಿನವರ ತಾಯಂದಿರಿಗೆ ಏನು ಹೇಳುವುದು.

ಮನೆ ತುಂಬ ಚೀಟಿ. ಫ್ರಿಜ್ಜಿನ ಮೇಲೆ ಹೃದಯದ ಚಿತ್ರ ಅಂಟಿಸಿದ್ದಾಳೆ, ಹಾಲು ಬೇಕಾದರೆ ಹೃದಯ ತೆರೆಯಬೇಕು. ಇವತ್ತು "ಮಾಮಿ, ನೀವು ಕೂತ್ಕೊಳ್ಳಿ, ಗಂಜಿ ನಾನು ನೋಡ್ತೇನೆ" ಎಂದು ಒಲೆಯ ಮುಂದೆ ಪುಸ್ತಕ ಹಿಡಿದು ನಿಂತಳು. ಗಂಜಿ ತಳ ಹಿಡಿದ ವಾಸನೆ ಹಾಲ್‌ಗೆ ಬಂತು, ಒಲೆಯ ಮುಂದೆ ಇದ್ದವಳಿಗೆ ಬರಲಿಲ್ಲ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ಸುಮ್ಮನೆ ಹೇಳಿದ್ದಲ್ಲ. ಪಾತ್ರೆಯನ್ನು ನಾನೇ ತಿಕ್ಕಿದೆ.

11 ನವೆಂಬರ್, ಸೋಮವಾರ

ನನಗೂ ಒಂದು ಕೆಲಸ ಸಿಕ್ಕಿತು.

ಸೊಸೆಯ ಜೊತೆ ಕಲಿತ ಡೆಬೊರಾ ಪಾಯ್ಸ್ ಎಂಬ ಕಿನ್ನಿಗೋಳಿಯ ಹುಡುಗಿ ಈಗ ಅಬುಧಾಬಿಯಲ್ಲಿ ನರ್ಸ್. ಅವಳು ಹಳೆಯ ಪ್ರಶ್ನೆಗಳನ್ನು ಫೋನಿಗೆ ಕಳಿಸುತ್ತಾಳೆ, ಶಾನವಾಝ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು ತರುತ್ತಾನೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ. ಸರಿ ಉತ್ತರದ ಹಾಳೆ ತನ್ನ ಹತ್ತಿರ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದಂತೆ, ನಾನು ಇಟ್ಟುಕೊಳ್ಳಬೇಕಂತೆ.

"ಇಂಗ್ಲಿಷ್ ನನಗೆ ಎಲ್ಲಿಂದ ಬರ್ತದೆ?" ಎಂದೆ.

"ಎ, ಬಿ, ಸಿ, ಡಿ ಸಾಕು ಮಾಮಿ."

ಎ, ಬಿ, ಸಿ, ಡಿ! ಅರ್ಧ ಉಳ್ಳಾಲಕ್ಕೆ ಅದನ್ನು ಕಲಿಸಿದವಳು ನಾನು. ಒಂದು ಹೊಸ ಪುಸ್ತಕ ತರಿಸಿ ಗೆರೆ ಎಳೆದೆ. ಪ್ರಶ್ನೆ ಸಂಖ್ಯೆ, ಕೊಟ್ಟ ಉತ್ತರ, ಸರಿ ಉತ್ತರ, ಕೊನೆಗೆ ಷರಾ. ಷರಾ ಯಾಕೆ ಎಂದು ಕೇಳಿದಳು. ಷರಾ ಇಲ್ಲದ್ದು ರಿಜಿಸ್ಟರ್ ಅಲ್ಲ, ದಿನಸಿ ಚೀಟಿ. ಹಾಗಾಗಿ ತಪ್ಪಿದ ಪ್ರತಿಯೊಂದು ಪ್ರಶ್ನೆಯ ಸಾರವನ್ನು ಅವಳು ಬ್ಯಾರಿಯಲ್ಲಿ ಹೇಳಬೇಕು, ಅದನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳಬೇಕು ಎಂದು ತೀರ್ಮಾನವಾಯಿತು.

ಇವತ್ತು ಐವತ್ತರಲ್ಲಿ ಇಪ್ಪತ್ತೆರಡು ತಪ್ಪು. ಇಮ್ತಿ ಉತ್ತರದ ಹಾಳೆಯ ಒಂದು ಮೂಲೆ ತಿಂದ.

17 ನವೆಂಬರ್, ಭಾನುವಾರ

ಮುನ್ನೂರು ಪ್ರಶ್ನೆ ಮುಗಿಯಿತು. ಮಗು ಮಲಗಿದ ಮೇಲೆ ಷರಾದ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿದೆ. ಮೇಲ್ವಿಚಾರಕಿ ಬರುವ ಮುಂಚೆ ನಾನು ಹೀಗೇ ಓದುತ್ತಿದ್ದೆ. ಅಡ್ಡಕ್ಕೆ ಓದುವಾಗ ಕಾಣದ್ದು ಉದ್ದಕ್ಕೆ ಓದಿದರೆ ಕಾಣುತ್ತದೆ.

ಹುಡುಗಿಗೆ ಮದ್ದಿನ ಲೆಕ್ಕ ಗೊತ್ತು, ಹೃದಯ ಗೊತ್ತು, ಮೂತ್ರಪಿಂಡ ಗೊತ್ತು. ತಪ್ಪುವುದು ಒಂದೇ ಕಡೆ. 'ನರ್ಸ್ ಮೊದಲು ಏನು ಮಾಡಬೇಕು' ಎಂದು ಕೇಳಿದಲ್ಲೆಲ್ಲ ಇವಳ ಉತ್ತರ 'ಡಾಕ್ಟರಿಗೆ ತಿಳಿಸುವುದು'. ಮುದುಕನಿಗೆ ಉಸಿರು ಕಟ್ಟುತ್ತಿದೆ, ಡಾಕ್ಟರಿಗೆ ತಿಳಿಸುವುದು. ಬಾಣಂತಿಗೆ ರಕ್ತ ಹೋಗುತ್ತಿದೆ, ಡಾಕ್ಟರಿಗೆ ತಿಳಿಸುವುದು. ಹತ್ತು ತಿಂಗಳ ಮಗುವಿಗೆ ಎರಡು ದಿನದಿಂದ ಭೇದಿ, ಡಾಕ್ಟರಿಗೆ ತಿಳಿಸುವುದು. ಸರಿ ಉತ್ತರ ಎಲ್ಲದರಲ್ಲೂ ಬೇರೆ. ಎಬ್ಬಿಸಿ ಕೂರಿಸುವುದು, ಹೊಟ್ಟೆ ಒತ್ತಿ ನೋಡುವುದು, ಚರ್ಮ ಚಿವುಟಿ ನೋಡುವುದು. ಡಾಕ್ಟರು ಆಮೇಲೆ.

ನೂರ ಮೂವತ್ತು ತಪ್ಪಿನಲ್ಲಿ ಎಂಬತ್ತು ಇದೇ ತಪ್ಪು. ಕೆಂಪು ಪೆನ್ನಿನಲ್ಲಿ ಮೊತ್ತ ಬರೆದು, ಅಭ್ಯಾಸದಂತೆ ತಾರೀಕು ಹಾಕಿ ಸಹಿ ಮಾಡಿದೆ. ಅಷ್ಟರಲ್ಲಿ ಅವಳು ಕೋಣೆಯಿಂದ ಹೊರಗೆ ಬಂದಳು.

"ಎಂತ ಮಾಮಿ, ಎಂತಾದ್ರೂ ಉಂಟಾ?"

"ಎಂತದೂ ಇಲ್ಲ. ನಿನ್ನ ಅಕ್ಷರ ಸ್ವಲ್ಪ ಸುಧಾರಿಸ್ಬೇಕು."

ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

20 ನವೆಂಬರ್, ಬುಧವಾರ

ಪೂರ್ತಿ ಪರೀಕ್ಷೆಯ ಹಾಗೆಯೇ ಗಡಿಯಾರ ಇಟ್ಟು ಬರೆದಳು. ನೂರಕ್ಕೆ ಐವತ್ತೆರಡು. ಸಾಲದು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿ ಬಿಟ್ಟು ಅಳುವ ವಿದ್ಯೆ ನನಗೂ ಗೊತ್ತಿರುವುದೇ.

ನಾನು ಬರೀ ಎಸ್ಸೆಸ್ಸೆಲ್ಸಿ. ಆಸ್ಪತ್ರೆಯ ವಿಷಯದಲ್ಲಿ ನಾನು ಬಾಯಿ ಹಾಕಿದರೆ ಚೆನ್ನಾಗಿರುತ್ತದೆಯೇ. ಡೆಬೊರಾ ಇದ್ದಾಳೆ, ಹೇಳಿಕೊಡಲಿ. ಇನ್ನೂ ನಾಲ್ಕು ವಾರ ಇದೆ, ಅವಳಿಗೇ ಹೊಳೆಯಬಹುದು.

ಇವೆಲ್ಲ ನೆವ ಎಂದು ನನಗೆ ಗೊತ್ತು. ಇಮ್ತಿ ಇವತ್ತು ನನ್ನ ಕಿರುಬೆರಳು ಹಿಡಿದು ಸೋಫಾದಿಂದ ಬಾಗಿಲಿನವರೆಗೆ ನಡೆದ.

ಸಂಜೆ ಮಗ್ರಿಬ್ ನಮಾಝಿನ ಮೇಲೆ ದುಆಕ್ಕೆ ಕೈ ಎತ್ತಿದೆ. ಊರಲ್ಲಿರುವ ಮಗಳು ಫರ್ಝಾನಳ ಸೊಂಟನೋವು, ಶಾನವಾಝನ ಕೆಲಸ, ಇಮ್ತಿಯ ಹಲ್ಲು, ಎಲ್ಲ ಆಗಿ ಸೊಸೆಯ ಪರೀಕ್ಷೆಯ ಸರದಿ ಬಂತು. ಏನು ಕೇಳುವುದೆಂದು ತಿಳಿಯದೆ ಕೈ ಇಳಿಸಿದೆ.

25 ನವೆಂಬರ್, ಸೋಮವಾರ

ಬೆಳಿಗ್ಗೆ ಹತ್ತು ಗಂಟೆ. ಮಗುವಿಗೆ ನಿದ್ದೆ. "ಮಾಮಿ, ಇವತ್ತು ನೀವು ಪೇಷಂಟ್" ಎಂದಳು.

"ಎಂತ ರೋಗ ನನಗೆ?"

"ಅದನ್ನು ಹುಡುಕುದೇ ನನ್ನ ಕೆಲಸ. ಸೋಫಾದಲ್ಲಿ ಮಲಗಿ."

ತಲೆಯಿಂದ ಕಾಲಿನವರೆಗೆ ಕ್ರಮವಾಗಿ ನೋಡುವ ಅಭ್ಯಾಸವಂತೆ. ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿದಳು, ಬೆನ್ನಿಗೆ ಕಿವಿ ಕೊಟ್ಟಳು. ಅವಳ ಕೈ ಬೆಚ್ಚಗಿತ್ತು. ಗಂಜಿ ಸುಡುವ ಹುಡುಗಿಯ ಕೈ ಅಲ್ಲ ಅದು, ಬೇರೆಯೇ. ಇಷ್ಟು ಗಮನವಿಟ್ಟು ನನ್ನನ್ನು ಯಾರೂ ಮುಟ್ಟಿ ವರ್ಷಗಳಾದವು ಎಂದು ಆಗ ಅನಿಸಿತು. ಕೊನೆಗೆ ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾವು ಇದೆಯೇ ಎಂದು ಒತ್ತುತ್ತ, ಫಾರಂ ನೋಡಿ ಪ್ರಶ್ನೆ ಕೇಳತೊಡಗಿದಳು. ವಯಸ್ಸು. ಶುಗರ್. ಆಪರೇಷನ್.

"ಎಷ್ಟು ಸಲ ಬಸುರಿ ಆಗಿದ್ರಿ?"

"ನಾಲ್ಕು."

"ಮಕ್ಕಳು?"

"ಎರಡು. ನಿನಗೆ ಗೊತ್ತಿಲ್ವಾ, ಫರ್ಝಾನ, ಮತ್ತೆ ನಿನ್ನ ಗಂಡ."

ಪೆನ್ನು ನಿಂತಿತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು, ಎರಡು ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಇವಳು ಪೆನ್ನು ಕೆಳಗಿಟ್ಟಳು.

"ಇನ್ನೆರಡು, ಮಾಮಿ?"

ಒಂದು ಶಾನವಾಝನ ಮುಂಚೆ, ಮೂರು ತಿಂಗಳಿಗೇ ಹೋಯಿತು ಎಂದೆ. ಇನ್ನೊಂದು ಅದಕ್ಕೂ ಮುಂಚೆ. ಹೆಣ್ಣು.

"ಹೆಸರು ಎಂತ ಇಟ್ಟಿದ್ರಿ?"

ಮೂವತ್ತೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಶಾನವಾಝನಿಗೆ ಒಬ್ಬಳು ಅಕ್ಕ ಇದ್ದು ತೀರಿಹೋದಳೆಂದು ಗೊತ್ತು, ಹೆಸರು ಗೊತ್ತಿಲ್ಲ. "ಶಮೀಮ" ಎಂದೆ. "ಎಂಟು ತಿಂಗಳು."

ಆಮೇಲೆ ಎಲ್ಲ ಹೇಳಿದೆ. ಬೆಳಿಗ್ಗೆಯಿಂದ ವಾಂತಿ, ಭೇದಿ. ನನ್ನ ಗಂಡ ಮೊಯ್ದಿನಬ್ಬ ಬೋಟಿನಲ್ಲಿ ಸಮುದ್ರದ ಮೇಲೆ. ನನ್ನ ಅತ್ತೆ, "ಡಾಕ್ಟರು ಬರ್ಲಿ, ಅಲ್ಲಿವರೆಗೆ ಹೊಟ್ಟೆಗೆ ಎಂತದೂ ಕೊಡ್ಬೇಡ, ನೀರು ಕೂಡ ಕೊಡ್ಬೇಡ" ಎಂದರು. ನನಗೆ ಇಪ್ಪತ್ಮೂರು ವರ್ಷ. ಕೊಡಲಿಲ್ಲ. ಡಾಕ್ಟರು ಕಾಸರಗೋಡಿಗೆ ಮದುವೆಗೆ ಹೋಗಿದ್ದರು. ಅವರು ಬಂದಾಗ ರಾತ್ರಿಯ ಇಶಾದ ಬಾಂಗ್ ಆಗಿತ್ತು, ಮಗು ತಣ್ಣಗಾಗಿತ್ತು. ಐದು ವರ್ಷದ ನಂತರ ಅಂಗನವಾಡಿ ತರಬೇತಿಯಲ್ಲಿ ಟೀಚರು ಒಂದು ಲೋಟ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಹಾಕಿ ಕದಡಿ, ಭೇದಿಯಾದ ಮಗುವಿಗೆ ಮೊದಲು ಇದು, ಆಮೇಲೆ ಆಸ್ಪತ್ರೆ ಎಂದರು. ನಾನು ಎದ್ದು ಹೊರಗೆ ಹೋದೆ. ಆ ದಿನ ಮನೆಯಲ್ಲಿ ಉಪ್ಪು ಇತ್ತು. ಸಕ್ಕರೆ ಇತ್ತು. ನೀರೂ ಇತ್ತು.

ಅವಳು ಪೆನ್ನು ಎತ್ತಿಕೊಂಡಳು. ಫಾರಂನಲ್ಲಿ 'ಶಮೀಮ, ಎಂಟು ತಿಂಗಳು' ಎಂದು ಕನ್ನಡದಲ್ಲಿ ಬರೆದಳು. ಇಮ್ತಿ ಎದ್ದು ಕೂಗುವವರೆಗೂ ನನ್ನ ಪಾದ ಅವಳ ತೊಡೆಯ ಮೇಲೆಯೇ ಇತ್ತು.

26 ನವೆಂಬರ್, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಶಾನವಾಝ್ ಕೆಲಸಕ್ಕೆ ಹೋದ ಕೂಡಲೇ ಅವಳನ್ನು ಕರೆದು ಮುಂದೆ ಪುಸ್ತಕ ಇಟ್ಟೆ. "ಈ ಷರಾ ಓದು. ಅಡ್ಡ ಅಲ್ಲ, ಉದ್ದಕ್ಕೆ."

ಓದಿದಳು. ಎರಡನೆಯ ಪುಟಕ್ಕೆ ಬರುವಾಗ ಅವಳ ಬೆರಳು ನಿಧಾನವಾಯಿತು. ಕೆಂಪು ಅಕ್ಷರದ ಮೊತ್ತದ ಮೇಲೆ ತುಂಬ ಹೊತ್ತು ನಿಂತಿತು.

"ಎಲ್ಲ ಕಡೆ ಡಾಕ್ಟರು, ಡಾಕ್ಟರು" ಎಂದೆ. "ಅಲ್ಲ ಮಾರಾಯ್ತಿ, ಡಾಕ್ಟರು ಬರುವವರೆಗೆ ಮಗು ಎಂತ ಮಾಡ್ಬೇಕು?"

ಆಗ ಅವಳು ತನ್ನ ಕಥೆ ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ವಾರ್ಡಿನಲ್ಲಿ ಒಬ್ಬರು ಅಜ್ಜನಿಗೆ ಉಸಿರು ಕಟ್ಟಿತಂತೆ. ಇವಳು ಎಬ್ಬಿಸಿ ಕೂರಿಸಿ, ಆಕ್ಸಿಜನ್ ಹಾಕಿ, ಆಮೇಲೆ ಫೋನ್ ಮಾಡಿದಳು. ಅಜ್ಜ ಉಳಿದರು. ಮರುದಿನ ದೊಡ್ಡ ಡಾಕ್ಟರು, "ನೀನು ಯಾವ ಕಾಲೇಜಲ್ಲಿ ಎಂಬಿಬಿಎಸ್ ಮಾಡಿದ್ದು?" ಎಂದು ಎಲ್ಲರ ಮುಂದೆ ಕೇಳಿ, ತಪ್ಪೊಪ್ಪಿಗೆ ಬರೆಸಿಕೊಂಡರಂತೆ.

"ಆವತ್ತಿನಿಂದ ಕೈ ಸೀದಾ ಅಲ್ಲಿಗೇ ಹೋಗ್ತದೆ ಮಾಮಿ. ತಪ್ಪು ಅಂತ ಗೊತ್ತಿದ್ರೂ ಹೋಗ್ತದೆ."

"ಇನ್ನು ಹೋಗ್ಲಿಕ್ಕಿಲ್ಲ. ಮೊದಲು ಮಗುವನ್ನು ನೋಡು. ಡಾಕ್ಟರು ಬರುವಾಗ ಬರ್ಲಿ."

ತಲೆಯಾಡಿಸಿದಳು. "ಇದು ನಿಮಗೆ ಯಾವಾಗ ಗೊತ್ತಾದ್ದು?" ಎಂದು ಕೇಳಿದಳು.

"ನಿನ್ನೆ" ಎಂದೆ.

"ಹೌದಾ" ಎಂದಳು. ಪುಸ್ತಕ ಮುಚ್ಚಿ ಎರಡು ಕೈಯಲ್ಲಿ ನನಗೆ ಕೊಟ್ಟಳು.

2 ಡಿಸೆಂಬರ್, ಸೋಮವಾರ

ಹಾಜರಿ: ಹಸೀನ, ಇಮ್ತಿ, ಶಾನವಾಝ್, ನಾನು.

ಇಲ್ಲಿನವರಿಗೆ ರಾಷ್ಟ್ರೀಯ ದಿನ. ಎಲ್ಲ ಬಾಲ್ಕನಿಯಲ್ಲೂ ಬಾವುಟ. ಶಾನವಾಝನಿಗೆ ರಜೆ, ರಜೆ ಅಂದ ಕೂಡಲೇ ತಲೆನೋವು. "ಉಮ್ಮಾ, ತಲೆ ಸಿಡೀತಾ ಉಂಟು" ಎಂದು ಬಂದು ಕೂತ. ಹಸೀನ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಡಾಕ್ಟರಿಗೆ ತಿಳಿಸುದಾ?" ಎಂದು ಕೇಳಿದೆ.

"ಮೊದಲು ಪೇಷಂಟನ್ನು ನೋಡುದು" ಎಂದಳು.

ಅವಳು ನಾಡಿ ಹಿಡಿದಳು, ನಾನು ಹಣೆ ಮುಟ್ಟಿದೆ. ಎಷ್ಟು ಹೊತ್ತಿನಿಂದ, ಯಾವ ಬದಿ, ನೀರು ಎಷ್ಟು ಕುಡಿದೆ, ನಿದ್ದೆ ಎಷ್ಟು ಎಂದು ಇಬ್ಬರೂ ಸೇರಿ ಕೇಳಿದ್ದಕ್ಕೆ ಅವನಿಗೆ ಸಾಕಾಗಿ ಹೋಯಿತು. "ಯಲ್ಲಾ, ಒಂದು ಚಾ ಕೊಡಿ, ತಲೆನೋವು ಖಲಾಸ್" ಎಂದು ಕೈ ಮುಗಿದ. ಹಸೀನ ನಕ್ಕಳು. ಈ ಹುಡುಗಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಒಂದು ತಿಂಗಳಿಂದ ಇಲ್ಲಿದ್ದೇನೆ, ಇವತ್ತು ಕಂಡಿತು. ಇಮ್ತಿಗೂ ಅದೇ ಕಡೆ.

ಮಧ್ಯಾಹ್ನ ಪೂರ್ತಿ ಪರೀಕ್ಷೆ ಬರೆದಳು. ಎಪ್ಪತ್ತೊಂದು. ಅಕ್ಕಿಯ ಪುಂಡಿ, ಬಂಗುಡೆ ಮೀನಿನ ಗಸಿ ಮಾಡಿದೆ. ಆರು ಪುಂಡಿ ತಿಂದಳು.

9 ಡಿಸೆಂಬರ್, ಸೋಮವಾರ

ಊರಿಂದ ಫರ್ಝಾನ ಫೋನ್ ಮಾಡಿದಳು. "ಉಮ್ಮಾ, ಪೈಂಟ್‌ನವ ಬಂದಿದ್ದಾನೆ. ತೊಟ್ಟಿಲಿಗೂ ಒಂದು ಕೈ ಹೊಡೆಸ್ಲಾ? ಇಮ್ತಿ ಬರ್ತಾನಲ್ಲ?"

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ. ಅಟ್ಟಕ್ಕೆ ಹಾಕಿ ಇಡು."

ಬೈದ ಹಾಗೆ ಆಯಿತು. ಪಾಪ, ಅವಳೇನು ಮಾಡಿದ್ದಾಳೆ. ಇಡೀ ದಿನ ನನಗೆ ಯಾರ ಮೇಲೋ ಸಿಟ್ಟು, ಯಾರ ಮೇಲೆ ಎಂದು ತಿಳಿಯಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹಸೀನ ಸುಮ್ಮನೆ ನೀರು ಸೇರಿಸಿದಳು. ಇವತ್ತು ಎಪ್ಪತ್ತೆಂಟು.

18 ಡಿಸೆಂಬರ್, ಬುಧವಾರ. ಅಲ್ ರೀಮ್ ಐಲ್ಯಾಂಡ್, ಅಬುಧಾಬಿ

ದುಬೈಯಲ್ಲಿ ಸೀಟು ಸಿಕ್ಕಿರಲಿಲ್ಲ, ಪರೀಕ್ಷೆ ಅಬುಧಾಬಿಯಲ್ಲಿ. ನಿನ್ನೆ ಸಂಜೆಯೇ ಬಂದು ಡೆಬೊರಾಳ ಫ್ಲ್ಯಾಟಿನಲ್ಲಿ ಉಳಿದೆವು. ಇಪ್ಪತ್ತಮೂರನೆಯ ಮಾಳಿಗೆ. ಕಿಟಕಿಯ ಹತ್ತಿರ ನಿಂತರೆ ನನಗೆ ತಲೆ ತಿರುಗುತ್ತದೆ, ಇಮ್ತಿ ಮಾತ್ರ ಗಾಜಿಗೆ ನಾಲಗೆ ಹಚ್ಚಿ ನೆಕ್ಕಿದ.

ಹಸೀನ ಬೆಳಿಗ್ಗೆ ಏನೂ ತಿನ್ನಲಿಲ್ಲ. ಬಾಗಿಲಲ್ಲಿ ನಿಂತು, "ಮಾಮಿ, ಎಲ್ಲ ಮರ್ತು ಹೋಗಿದೆ" ಎಂದಳು.

"ಎಂತದೂ ಮರ್ತಿಲ್ಲ. ಹೆದರಿಕೆ ಅಷ್ಟೇ. ನಾಡಿ ಹಿಡಿದು ನೋಡ್ಕೊ."

ನಿಜವಾಗಿಯೂ ತನ್ನ ನಾಡಿ ತಾನೇ ಹಿಡಿದು ಎಣಿಸಿದಳು. "ನೂರಾ ಹತ್ತು" ಎಂದಳು. ಎರಡು ಖರ್ಜೂರ ಬಾಯಿಗಿಟ್ಟು ಕಳಿಸಿದೆ. ಶಾನವಾಝ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ.

ಅವರು ಹೋದ ಮೇಲೆ ನಮಾಝಿನ ಚಾಪೆ ಹಾಸಿದೆ. ಇಮ್ತಿ ಬಂದು ಮಡಿಲಿಗೆ ಹತ್ತಿ, ನನ್ನ ಕುತ್ತಿಗೆಯ ಅದೇ ಜಾಗಕ್ಕೆ ಮೂಗು ಒತ್ತಿದ. ಅವನು ಅಲ್ಲೇ ಇರುವಾಗ ದುಆಕ್ಕೆ ಕೈ ಎತ್ತಿದೆ. ಈ ಸಲ ಅವಳ ಹೆಸರು ಮೊದಲು ಬಂತು. ಏನು ಕೇಳಿದೆನೋ ಅದಕ್ಕೆ ಈ ಮಗುವೇ ಬೆಲೆ ಎಂದು ಗೊತ್ತಿದ್ದೇ ಕೇಳಿದೆ. ಅವನ ಬೆನ್ನ ಮೇಲೆ ಕಣ್ಣೀರು ಬಿದ್ದು ಅಂಗಿ ಒದ್ದೆಯಾಯಿತು. ಬೇರೆ ಅಂಗಿ ಹಾಕಿದೆ.

ಮಧ್ಯಾಹ್ನ ಎರಡಕ್ಕೆ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಚ್ಚುತ್ತ, "ಮೂರು ಗಂಟೆಯೂ ನೀವು ಕಿವಿಯ ಹತ್ರ ಕೂತು ಬೈತಾನೇ ಇದ್ರಿ" ಎಂದಳು. "ಎಷ್ಟು ಸಲ ಕೈ ಡಾಕ್ಟರ ಕಡೆ ಹೋಯ್ತೋ ಅಷ್ಟು ಸಲ ಬೈದ್ರಿ."

"ಹಾಗಾದ್ರೆ ಫಲಿತಾಂಶ ನನ್ನದು" ಎಂದೆ.

21 ಡಿಸೆಂಬರ್, ಶನಿವಾರ

ಪಾಸ್.

ಹಸೀನ ನನ್ನನ್ನು ಎತ್ತಿ ತಿರುಗಿಸಲು ನೋಡಿದಳು, ನನ್ನ ಐವತ್ತೆಂಟು ಕಿಲೋ ಅವಳಿಂದ ಆಗಲಿಲ್ಲ. ಶಾನವಾಝ್ ಅಂಗಡಿಯಿಂದ ಫೋನ್ ಮಾಡಿ ಮೂಗು ಎಳೆದ. ಪಾಸಾದರೆ ತೆಗೆದುಕೊಳ್ಳುತ್ತೇವೆ ಎಂದಿದ್ದ ಕ್ಲಿನಿಕ್ಕಿನಲ್ಲಿ ಹಸೀನಳಿಗೆ ಜನವರಿ ಆರರಿಂದ ಕೆಲಸ.

ಮಧ್ಯಾಹ್ನ ಬಟ್ಟೆ ಮಡಚುವಾಗ ಇಮ್ತಿಯ ಎರಡು ಅಂಗಿ ನನ್ನ ಪೆಟ್ಟಿಗೆಯಲ್ಲಿ ಇಟ್ಟೆ. ತೆಗೆದೆ. ಆಮೇಲೆ ಒಂದನ್ನು ಇಟ್ಟೆ.

26 ಡಿಸೆಂಬರ್, ಗುರುವಾರ

ಎರಡನೆಯ ಮಾಳಿಗೆಯಲ್ಲಿ ಪಾತುಮ್ಮ ಎಂಬವರು ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ತಪಾಸಣೆಗೆ ಹೋದೆ. ಇಮ್ತಿಯನ್ನು ಮುಟ್ಟುವ ಮೊದಲು ಕೈ ತೊಳೆದರು. ಹಾಲಿನ ಬಾಟಲಿಗಳಿಗೆ ಹೆಸರು ಬರೆದಿದ್ದರು. ಹಾಜರಿ ಪುಸ್ತಕ ಮಾತ್ರ ಇರಲಿಲ್ಲ, ಒಂದಕ್ಕೆ ಗೆರೆ ಎಳೆದು ಕೊಟ್ಟು ಬಂದೆ.

ವೀಸಾ ಇನ್ನೊಂದು ತಿಂಗಳು ಮುಂದುವರಿಸೋಣವೇ ಎಂದು ಶಾನವಾಝ್ ಕೇಳಿದ. ಬೇಡ ಎಂದೆ. ಈಗಲೇ ಇಷ್ಟು ಕಷ್ಟ.

30 ಡಿಸೆಂಬರ್, ಸೋಮವಾರ. ದುಬೈ ಏರ್‌ಪೋರ್ಟ್

ಗೇಟಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹಾಜರಿ: ಒಬ್ಬಳು.

ಹೊರಗೆ, ಪ್ರಯಾಣಿಕರನ್ನು ಮಾತ್ರ ಒಳಗೆ ಬಿಡುವ ಬಾಗಿಲ ಹತ್ತಿರ ಇಮ್ತಿ ಅತ್ತ. ನನ್ನ ದುಪಟ್ಟಾ ಹಿಡಿದು, ಮುಖ ಕೆಂಪು ಮಾಡಿ ಅತ್ತ. ಹಸೀನ ಎತ್ತಿಕೊಳ್ಳಲು ಬಂದಾಗ ತಡೆದೆ, ಮೊದಲು ನೋಡಿದೆ. ಹಣೆ ತಣ್ಣಗಿತ್ತು. ಚಡ್ಡಿ ಒಣಗಿತ್ತು. ಹೊಟ್ಟೆ ತುಂಬಿತ್ತು. ಹಲ್ಲಿನ ಜಾಗದಲ್ಲಿ ಬಾವು ಇಲ್ಲ. "ಎಂತದೂ ಇಲ್ಲ" ಎಂದೆ. "ನಾನು ಹೋಗ್ತೇನೆ ಅಂತ ಅಳುದು ಅಷ್ಟೇ."

"ಅದಕ್ಕೆ ಮದ್ದು?" ಎಂದು ಹಸೀನ ಕೇಳಿದಳು. ಅವಳ ಕಣ್ಣೂ ತುಂಬಿತ್ತು.

"ಡಾಕ್ಟರಿಗೆ ತಿಳಿಸು" ಎಂದೆ.

ನಕ್ಕಳು. ಗುಳಿ ಬಿತ್ತು. ಶಾನವಾಝ್ ಪೆಟ್ಟಿಗೆ ತೂಗಿಸಲು ಹೋಗಿದ್ದ. ಆಗ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಹತ್ತಿರ ಬಂದು, ಮೆಲ್ಲಗೆ ಹೇಳಿದಳು. "ಮಾಮಿ, ಒಂದು ಮಾತು. ಆ ಕೆಂಪು ಮೊತ್ತದ ಪಕ್ಕದಲ್ಲಿ ನೀವು ತಾರೀಕು ಹಾಕಿದ್ರಿ. ಹದಿನೇಳು."

ತಾರೀಕು ಹಾಕದೆ ನಾನು ಜನ್ಮದಲ್ಲಿ ಏನಾದರೂ ಬರೆದಿದ್ದೇನೆಯೇ. ಆ ಬೆಳಿಗ್ಗೆ ಅವಳ ಬೆರಳು ಅಲ್ಲಿ ನಿಂತದ್ದು, "ಯಾವಾಗ ಗೊತ್ತಾದ್ದು" ಎಂದು ಕೇಳಿದ್ದು, ನಾನು "ನಿನ್ನೆ" ಅಂದದ್ದು, ಅವಳು ಎರಡು ಕೈಯಲ್ಲಿ ಪುಸ್ತಕ ಕೊಟ್ಟದ್ದು. ಎಲ್ಲ ಗೊತ್ತಿದ್ದೇ ಐದು ವಾರ ನನ್ನ ಕೈಯ ಅಡುಗೆ ಉಂಡಿದ್ದಾಳೆ, ನನ್ನ ಬೈಗುಳ ತಿಂದಿದ್ದಾಳೆ, ಮಗುವನ್ನು ನನ್ನ ಮಡಿಲಲ್ಲಿ ಬಿಟ್ಟು ಹೋಗಿದ್ದಾಳೆ.

"ಹಸೀನಾ, ನಾನು..." ಎಂದೆ.

"ಒಂಬತ್ತೇ ದಿನ ಅಲ್ವಾ ಮಾಮಿ" ಎಂದಳು. ಇಮ್ತಿಯ ಬೆನ್ನು ತಟ್ಟುತ್ತ ಇದ್ದಳು. "ಇವನನ್ನು ಹತ್ರ ಇಟ್ಕೊಳ್ಳಿಕ್ಕೆ ಅಂತಾದ್ರೆ, ನಾನಾಗಿದ್ರೆ ಹೇಳ್ತಾನೇ ಇರ್ಲಿಲ್ಲ."

ನನ್ನ ಕೈ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಅವಳ ಕೈ ಆ ದಿನದ ಹಾಗೆಯೇ ಬೆಚ್ಚಗಿತ್ತು.

ವಿಮಾನಕ್ಕೆ ಇನ್ನೂ ನಲವತ್ತು ನಿಮಿಷ ಇದೆ. ಈ ಪುಸ್ತಕದ ಮೊದಲ ಪುಟ ತೆರೆದೆ. ರಿಜಿಸ್ಟರಿನಲ್ಲಿ ತಪ್ಪು ಬರೆದರೆ ಹಾಳೆ ಹರಿಯುವ ಹಾಗಿಲ್ಲ, ಬಿಳಿ ಬಣ್ಣ ಹಚ್ಚುವ ಹಾಗೂ ಇಲ್ಲ. ಮೇಲ್ವಿಚಾರಕಿ ನಮಗೆ ಕಲಿಸಿದ್ದು ಒಂದೇ ಕ್ರಮ. ಹಳೆಯ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆಯಬೇಕು, ಸಹಿ ಮಾಡಬೇಕು, ಕಾರಣ ಬರೆಯಬೇಕು.

'ಈ ಸಲವೂ ಅವಳು ಪಾಸಾಗದಿದ್ದರೆ ಒಳ್ಳೆಯದು' ಎಂಬ ನವೆಂಬರ್ ಮೂರರ ಕೊನೆಯ ಸಾಲಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ನಫೀಸ ಎಂದು ಸಹಿ ಮಾಡಿ ಇವತ್ತಿನ ತಾರೀಕು ಹಾಕಿದೆ. ಷರಾ: ಮೊದಲು ನೋಡದೆ ಬರೆದದ್ದು.